ಕುದುರೆ ಗಂಜಿ

ನಮ್ಮತ್ತೆ ನೀಲಗಂಗವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಮೇಲೆ ಎಳೆ ಹರಿದರೆ ಹುಡುಕಿ ಗಂಟು ಹಾಕಲು ಅವಳನ್ನೇ ಕರೆಯುತ್ತಿದ್ದರು. ಈಗ ಎಳೆ ಹೋಗಲಿ, ಮಗ್ಗಕ್ಕೇ ಎಡವುತ್ತಿದ್ದಳು. ಗದಗಿನ ಕಣ್ಣಿನ ಡಾಕ್ಟರು ಪೊರೆ ತೆಗೆಯಲು ಒಪ್ಪಿದರು. ಆದರೆ ಅವಳ ಸಕ್ಕರೆ ಬೇನೆ ಹತೋಟಿಗೆ ಬರುವವರೆಗೆ ಕಣ್ಣು ಮುಟ್ಟುವುದಿಲ್ಲ, ಮುಟ್ಟಿದರೆ ಗಾಯ ಕೀತು ಇರುವ ಮಬ್ಬು ಬೆಳಕೂ ಹೋದೀತು ಎಂದರು.

ನನಗೊಂದು ಗಾಜಿನ ನಳಿಕೆ, ನೀಲಿ ಔಷಧದ ಬಾಟಲಿ ಕೊಟ್ಟು ಪರೀಕ್ಷೆ ಕಲಿಸಿದರು. ಉಂಡು ಎರಡು ತಾಸಾದ ಮೇಲೆ ಉಚ್ಚೆಯ ಕೆಲವು ಹನಿಗಳನ್ನು ಆ ಔಷಧಕ್ಕೆ ಹಾಕಿ ಕಾಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಇಟ್ಟಂಗಿಯ ಕೆಂಪು ಬಣ್ಣ ಬಂದರೆ ವಿಪರೀತ. ಇಂಥ ಕೆಲಸಗಳೆಲ್ಲ ಸೊಸೆಯ ಪಾಲಿಗೇ ಬರುತ್ತವೆ. ನನ್ನ ಗಂಡ ಮೂಗು ಮುಚ್ಚಿಕೊಂಡು ಮಗ್ಗಕ್ಕೆ ಹೋಗಿ ಕೂತ.

ಊಟಕ್ಕೆ ಓಟ್ಸ್ ಎಂಬ ಧಾನ್ಯ ಹೇಳಿದರು. ಹುಬ್ಬಳ್ಳಿಯಿಂದ ಡಬ್ಬಿ ತರಿಸಿದೆವು. ಅದನ್ನು ಸ್ಟೇಷನ್ನಿನಿಂದ ತಂದ ಟಾಂಗಾದ ಬುಡ್ಡೇಸಾಬ ಒಂದು ಕಾಲಕ್ಕೆ ಪುಣೆಯ ಪಲ್ಟನ್ನಿನಲ್ಲಿ ಕುದುರೆ ನೋಡಿಕೊಂಡಿದ್ದವನು. ಸಾಹೇಬರ ಕುದುರೆಗಳಿಗೆ ತಾನು ಹಾಕುತ್ತಿದ್ದದ್ದು ಇದನ್ನೇ ಎಂದು ಓಣಿಗೆಲ್ಲ ಸಾರಿದ. ಅಂದಿನಿಂದ ಅದು ಕುದುರೆ ಗಂಜಿ.

ಮೊದಲು ಅದನ್ನು ಹಾಲಿನಲ್ಲಿ ಬೇಯಿಸಿ, ಬೆಲ್ಲವಿಲ್ಲದೆ, ಬಟ್ಟಲ ತುಂಬ ಕೊಟ್ಟೆ. ನಳಿಕೆ ಹಳದಿಯಾಯಿತು. ಅರ್ಧ ಬಟ್ಟಲಿಗೆ ಇಳಿಸಿ, ನೀರಿನಲ್ಲಿ ಬೇಯಿಸಿ, ಉಪ್ಪು, ಹುಳಿ ಮಜ್ಜಿಗೆ ಬೆರೆಸಿ ಕೊಟ್ಟೆ. ಹಸಿರಾಯಿತು. ನನಗಾದ ಸಂತೋಷ ಹೇಳತೀರದು. ಇದೇ ಬಣ್ಣ ಹತ್ತು ದಿನ ನಿಲ್ಲಲಿ, ಕಣ್ಣು ಕೊಡುತ್ತೇನೆ ಎಂದರು ಡಾಕ್ಟರು.

ನಿಲ್ಲಲು ನಮ್ಮ ಜನ ಬಿಡಬೇಕಲ್ಲ. ನಮ್ಮ ಕಡೆ ಬೇನೆಯವರನ್ನು ಬರಿಗೈಲಿ ನೋಡಲು ಬರುವುದಿಲ್ಲ, ಬುತ್ತಿ ಕಟ್ಟಿಕೊಂಡು ಬರುತ್ತಾರೆ. ನೀಲಗಂಗವ್ವ ಗಂಜಿಗೆ ಬಿದ್ದಳಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಅವಳ ದಿನ ಹತ್ತಿರ ಬಂತೆಂದು ತಿಳಿದು ಮುಳಗುಂದದಿಂದ ಹೋಳಿಗೆ ಬಂತು, ಶಿರಹಟ್ಟಿಯಿಂದ ಉಂಡಿ ಬಂತು. ತಂದ ಬುತ್ತಿ ಮುಟ್ಟದಿದ್ದರೆ ಸಂಬಂಧವೇ ಹರಿದಂತೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೇಗೋ ಅವರನ್ನೆಲ್ಲ ಸಂಭಾಳಿಸಿದೆ.

ಸಂಭಾಳಿಸಲಾಗದವಳು ಲಕ್ಷ್ಮೇಶ್ವರದಿಂದ ಬಂದ ಅತ್ತೆಯ ಅಕ್ಕ ಬಸವಣ್ಣೆವ್ವ. ಕರ್ನಾಟಕ ಏಕೀಕರಣವಾದ ವಾರವದು. ದೊಡ್ಡ ಗಂಟಿನ ತುಂಬ ಗೋಧಿ-ಬೆಲ್ಲದ ಸಿಹಿಪುಡಿ ಮಾದಲಿ ಹೊತ್ತು ಬಂದು ಉಳಿದೇಬಿಟ್ಟಳು. ಹಾಲು, ತುಪ್ಪ ಸುರಿದು ತಂಗಿಗೆ ತುತ್ತು ಮಾಡಿ ಉಣಿಸುವಳು. ನಾನು ಅಡ್ಡ ಬಂದರೆ ನನ್ನನ್ನೇ ಕೇಳುವಳು:

“ಮುಂಬೈದವರು, ಹೈದರಾಬಾದದವರು ಎಲ್ಲಾ ಕೂಡಿ ಒಂದಾದ್ರು. ಅಕ್ಕ-ತಂಗಿ ತಾಟು ನೀ ಯಾಕ ಬ್ಯಾರೆ ಮಾಡ್ತೀ?”

ನಳಿಕೆ ಇಟ್ಟಂಗಿಯಾಯಿತು. ಗಂಜಿಗೆ ಬೆಲ್ಲ ಹಾಕುತ್ತೀಯಾ ಎಂದು ಡಾಕ್ಟರು ನನ್ನನ್ನೇ ಗದರಿದರು. ಮನೆಗೆ ಬಂದವಳೇ ಸಿಟ್ಟಿನಿಂದ ನಳಿಕೆಯನ್ನು ಬಸವಣ್ಣೆವ್ವನ ಮುಂದೆ ಹಿಡಿದೆ. ಮಾದಲಿ ತಿಂದರೆ ಯಾರದಾದರೂ ಕೆಂಪಗೇ ಆಗುತ್ತದೆ, ಇದೆಲ್ಲ ಡಾಕ್ಟರ ಆಟ ಎಂದು ನಕ್ಕಳು. ಹಾಗಾದರೆ ನೋಡಿಯೇ ಬಿಡೋಣ ಎಂದೆ. ಇಬ್ಬರೂ ಒಂದೇ ಗಂಟಿನ ಮಾದಲಿ ತಿಂದೆವು. ಎರಡು ತಾಸಿನ ಮೇಲೆ ನನ್ನದನ್ನು ಕಾಸಿದೆ. ನೀಲಿಯೇ ಉಳಿಯಿತು. ನಳಿಕೆ ತೊಳೆದು ಅವಳದನ್ನು ಕಾಸಿದೆ. ಇಟ್ಟಂಗಿ.

ನೀನೇನೋ ಹಾಕಿದ್ದೀ ಎಂದಳು. ಅವಳ ಕಣ್ಣೆದುರೇ ಮತ್ತೊಮ್ಮೆ ಕಾಸಿದೆ. ಬಣ್ಣ ಬದಲಾಗಲಿಲ್ಲ. ಆಮೇಲೆ ತಾನಾಗಿಯೇ ಹೇಳಿದಳು, ವರ್ಷದಿಂದ ಅಂಗಾಲು ಉರಿಯುತ್ತವೆ, ಎಷ್ಟು ನೀರು ಕುಡಿದರೂ ದಾಹ ಹೋಗುವುದಿಲ್ಲ ಎಂದು. ಗೆಲ್ಲಲು ಹೊರಟಿದ್ದ ನಾನು ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟೆ.

ಮೂಲೆಯಲ್ಲಿ ಕೂತಿದ್ದ ಅತ್ತೆಗೆ ಏನೂ ಕಾಣದು.

“ಅಕ್ಕಾ, ಏನ್ ಬಣ್ಣ ಬಂತು?” ಎಂದಳು.

ಬಸವಣ್ಣೆವ್ವ ತಂಗಿಯ ಪಕ್ಕ ಹೋಗಿ ಕೂತು, “ನಿಂದ ಬಣ್ಣನ ಬಂತು, ತಂಗಿ” ಎಂದಳು.

ಮರುದಿನ ಉಳಿದ ಮಾದಲಿಯನ್ನು ಓಣಿಯ ಮಕ್ಕಳಿಗೆ ಹಂಚಿ, ಡಾಕ್ಟರ ಹತ್ತಿರ ತೋರಿಸಿಕೊಂಡು, ಊರಿಗೆ ಹೋದಳು. ನಮ್ಮ ನಳಿಕೆ ಮತ್ತೆ ಹಸಿರಿಗೆ ಬಂತು, ಅಲ್ಲೇ ನಿಂತಿತು. ಡಾಕ್ಟರು ಮಾತು ಉಳಿಸಿಕೊಂಡು ಪೊರೆ ತೆಗೆದರು.

ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಚಸ್ಮಾ ಹಾಕಿ ಅತ್ತೆಯನ್ನು ಮನೆಗೆ ಕರೆತಂದ ವಾರ ಬಸವಣ್ಣೆವ್ವ ಬಂದಳು. ಕೈಯಲ್ಲಿ ಅದೇ ಬಟ್ಟೆಯ ಬುತ್ತಿ ಗಂಟು. ಮತ್ತೆ ಮಾದಲಿಯೇ ಎಂದುಕೊಂಡೆ. ಗಂಟನ್ನು ಬಿಚ್ಚಲು ನಾನು ಹೋದರೆ ಅತ್ತೆ ಬಿಡಲಿಲ್ಲ. ತಾನೇ ನೋಡಿ ನೋಡಿ, ಉಗುರಿನಿಂದ ಸಡಿಲಿಸಿ ಬಿಚ್ಚಿದಳು.

ಒಳಗೆ ಪಾತ್ರೆಯಲ್ಲಿ ಕುದುರೆ ಗಂಜಿ, ಪಕ್ಕದ ತಂಬಿಗೆಯಲ್ಲಿ ಮಜ್ಜಿಗೆ.

ಅತ್ತೆ ನನ್ನ ಕಡೆ ತಿರುಗಿದಳು. “ಒಂದ ತಾಟು ತಾರವಾ. ಈ ಬುತ್ತಿ ಬ್ಯಾಡ ಅನ್ನಾಕ ನಿನಗೂ ಆಗೂದಿಲ್ಲ.”