ಮೊದಲು ನಿಮ್ಮದಾಗಲಿ

ಒಂದಾನೊಂದು ಬೀದಿಯಲ್ಲಿ ಒಬ್ಬಳು ಅಜ್ಜಿ ಇದ್ದಳು. ‘ಇದ್ದಳು’ ಎನ್ನುವಂತಾಗಿ ಇನ್ನೂ ಒಂದು ರಾತ್ರಿ ಮಾತ್ರ ಕಳೆದಿತ್ತು. ಈಗ ಅವಳ ಮೊಮ್ಮಗಳು ಬರಿಗೊಡವನ್ನು ಸೊಂಟಕ್ಕಿಟ್ಟುಕೊಂಡು, ಗುಮ್ಮಟದ ಮನೆಯ ಬಾಗಿಲನ್ನು ಪೈಪು ಬಿಗಿಯುವ ಸ್ಪ್ಯಾನರಿನಿಂದ ಬಡಿಯುತ್ತಿದ್ದಳು.

“ಬಾಗಿಲು ಒಡೆಯೋಕೆ ಬಂದಿದೀಯೋ, ಮಾತಾಡೋಕೋ?” ಎನ್ನುತ್ತ ಆ ಮನೆಯ ಹಿರಿಯರು ಹೊರಬಂದರು. ಕೊಡ ಕಂಡು ಅವರ ದನಿ ಇಳಿಯಿತು. “ಟ್ಯಾಂಕರ್ ಬರಲಿಲ್ವಾ ಮಗಾ?”

“ಮೇಲೂರಿಗೇ ಹೋಯ್ತಂತೆ. ಅಜ್ಜಿನ ಮೀಯಿಸ್ಬೇಕು ತಾತ. ಬಿಸಿಲೇರಿದ್ರೆ ತಡಿಯಲ್ಲ. ನಿಮ್ಮ ತೊಟ್ಟಿ ವಾಲ್ವ್ ತೆಗೀರಿ.”

“ನಂದೇನಮ್ಮ, ಈ ಗಳಿಗೆ ತೆಗೀತೀನಿ. ಗಂಟೆಮನೆಯವರದು ಮೊದಲಾಗಲಿ. ವಯಸ್ಸಲ್ಲಿ ದೊಡ್ಡೋರು. ನಾನು ಮುಂದೆ ಬಿದ್ರೆ, ನೋಡು, ಹೆಸರು ಹೊಡ್ಕೊಂಡ ಅನ್ನಲ್ವಾ?”

ಗಂಟೆಮನೆಯ ಹಿರಿಯರು ಬೆಳಿಗ್ಗೆಯೇ ಹೇಳಿ ಕಳಿಸಿದ್ದರು: ದೀಪದ ಮನೆಯಮ್ಮನದು ಮೊದಲಾಗಲಿ, ಹೆಣ್ಣುಮಗಳು. ದೀಪದ ಮನೆಯಮ್ಮ ಹೇಳಿದ್ದಳು: ಗುಮ್ಮಟದವರದು ಮೊದಲಾಗಲಿ, ಅವರ ಸೂರೇ ದೊಡ್ಡದು.

ಮೊಮ್ಮಗಳು ಬರಿಗೊಡದೊಂದಿಗೆ ಹಿಂದಿರುಗಿದಳು.

ಬೀದಿಯಲ್ಲಿ ಮೂರು ಪ್ರಾರ್ಥನಾಮನೆಗಳು: ಗುಮ್ಮಟದ್ದು, ಗಂಟೆಯದು, ದೀಪದ್ದು. ಹಿಂದೆ ಒಂದರ ನೆರಳು ಇನ್ನೊಂದರ ಗೋಡೆಗೆ ಬಿದ್ದರೂ ಜಗಳವಾಗುತ್ತಿತ್ತು. ಅವರನ್ನು ಕೂಡಿಸಿದ್ದು ದೇವರಲ್ಲ, ಸೆಕೆ. ದಿಬ್ಬದ ಮೇಲಿನ ಊರಿನ ಗಾಜಿನ ಕಟ್ಟಡಗಳು ನೆಲದ ನೀರನ್ನೆಲ್ಲ ಹೀರಿ, ತಮ್ಮ ಕೋಣೆಗಳನ್ನು ತಂಪು ಮಾಡಿಕೊಂಡು, ಬೇಡದ ಬಿಸಿಯನ್ನು ಕೆಳಗಿನ ಬೀದಿಗೆ ಉಗುಳುತ್ತಿದ್ದವು. ವರ್ಷ ವರ್ಷಕ್ಕೂ ಬೇಸಗೆ ಹಿಗ್ಗುತ್ತಿತ್ತು, ಬೀದಿಯ ಮುದುಕರು ಕುಗ್ಗುತ್ತಿದ್ದರು. ಆಗ ಮೂರೂ ಮನೆಯವರು ಕೂತು ಮಾತಾಡಿದರು. ಮೂರೂ ಸೂರಿನ ಮಳೆನೀರು ಮೂರು ತೊಟ್ಟಿಗೆ ಬೀಳಲಿ, ಮೂರು ತೊಟ್ಟಿಯಿಂದ ಬೀದಿಯ ಒಂದೇ ನಲ್ಲಿಗೆ ಬರಲಿ, ಯಾವ ಮನೆಯೂ ಅದನ್ನು ತನ್ನದೆನ್ನಬಾರದು ಎಂದು ಮಾತಾಯಿತು. ಪೈಪು ಹಾಸಿದವಳು ಈ ಮೊಮ್ಮಗಳೇ. ಮಳೆ ಬಂದಿತ್ತು. ತೊಟ್ಟಿಗಳು ತುಂಬಿದ್ದವು. ಬೀದಿಯ ಪಾಲೆಂದು ಮೂರೂ ಮನೆಯವರು ಅದರಲ್ಲಿ ಬೊಗಸೆ ನೀರನ್ನೂ ಮುಟ್ಟಿರಲಿಲ್ಲ. ಮೊದಲು ತೆರೆದವರು ನಲ್ಲಿಯನ್ನು ತಮ್ಮದು ಮಾಡಿಕೊಂಡಂತಾಗುತ್ತದೆಂದು ಯಾರೂ ವಾಲ್ವನ್ನೂ ಮುಟ್ಟಿರಲಿಲ್ಲ.

*

ಅಜ್ಜಿಯನ್ನು ಎಲ್ಲರೂ ಕಡೆನೀರಿನಜ್ಜಿ ಎನ್ನುತ್ತಿದ್ದರು. ಬೀದಿಯಲ್ಲಿ ಯಾವ ಹೆಂಗಸು ಸತ್ತರೂ, ಅವಳು ಯಾವ ಮನೆಯ ದೇವರಿಗೆ ಕೈ ಮುಗಿದವಳಾದರೂ, ಕೊನೆಯ ಸ್ನಾನ ಮಾಡಿಸುತ್ತಿದ್ದವಳು ಅವಳೇ. ಕಿವಿಯ ಹಿಂದೆ, ಬೆರಳ ಸಂದಿ, ಕಡೆಗೆ ಕಾಲು. “ಎಲ್ಲಕ್ಕಿಂತ ಹೆಚ್ಚು ದುಡಿದಿದ್ದು ಅದೇ ಕಣೇ, ಅದಕ್ಕೇ ಕೊನೇ ನೀರು ಅದಕ್ಕೆ,” ಎನ್ನುತ್ತಿದ್ದಳು. ಮೊಮ್ಮಗಳಿಗೆ ಕಥೆ ಹೇಳುತ್ತಲೇ ಅದನ್ನೂ ಕಲಿಸಿದ್ದಳು.

ಈ ಬೇಸಗೆಯಲ್ಲಿ ದರ್ಜಿಯ ಸೊಸೆ ಹೊಲಿಗೆ ಯಂತ್ರದ ಮೇಲೆಯೇ ತಲೆಯಿಟ್ಟು ಹೋದಳು, ತಗಡಿನ ಸೂರಿನಡಿ, ನಡುಮಧ್ಯಾಹ್ನ. ಚಿಕ್ಕ ವಯಸ್ಸು. ಅವಳನ್ನು ಮೀಯಿಸಲು ಸಿಕ್ಕಿದ್ದು ಅರ್ಧ ಕೊಡ. ಅಜ್ಜಿ ಬಟ್ಟೆ ಒದ್ದೆ ಮಾಡಿ ಒರೆಸಿದಳು. ಕಾಲಿಗೆ ಬರುವಷ್ಟರಲ್ಲಿ ಬಟ್ಟೆಯೂ ಒಣಗಿತ್ತು.

ಅಜ್ಜಿ ಮನೆಗೆ ಬಂದು ಆ ಬಟ್ಟೆಯನ್ನು ಮಡಿಸಿಟ್ಟಳು. ಮೊಮ್ಮಗಳು ರೇಗಿದಳು. “ಸ್ಪ್ಯಾನರ್ ನನ್ನ ಕೈಯಲ್ಲೇ ಇದೆ. ಈಗಲೇ ಹೋಗಿ ಮೂರನ್ನೂ ತಿರುಗಿಸಿ ಬರ್ತೀನಿ.”

“ತಿರುಗಿಸ್ತೀಯ. ಬೆಳಗಾದ್ರೆ ಮೂವರೂ ಒಬ್ಬರ ಮೇಲೊಬ್ಬರು ಅನುಮಾನ ಪಡ್ತಾರೆ. ಮತ್ತೆ ಗೋಡೆ, ಮತ್ತೆ ನೆರಳು.” ಅಜ್ಜಿ ಮೊಮ್ಮಗಳ ಕೈ ಹಿಡಿದಳು. “ಅವರ ಕೈಯಿಂದ್ಲೇ ತೆಗೆಸು. ನಾನಿದ್ದಾಗ ಆದ್ರೆ ಆಯ್ತು. ಇಲ್ದಿದ್ರೆ ಆ ನೀರಲ್ಲೇ ನನ್ನ ಕಾಲು ತೊಳಿ. ಮಾತು ಕೊಡು.”

ಕೊಟ್ಟಿದ್ದಳು.

ನಿನ್ನೆ ಅಜ್ಜಿ ಮೂರೂ ಮನೆಗೆ ಮತ್ತೊಮ್ಮೆ ಹೋಗಿ ಕೇಳಿಕೊಂಡಿದ್ದಳು. ಮೂರೂ ಕಡೆ ಕುರ್ಚಿ ಹಾಕಿ, ಬೀಸಣಿಗೆಯಲ್ಲಿ ಗಾಳಿ ಹಾಕಿ, ಮೊದಲು ಅವರದಾಗಲಿ ಎಂದಿದ್ದರು. ಸಂಜೆ ಅವಳು ಬೀದಿಯ ನಲ್ಲಿಯ ಕಟ್ಟೆಗೊರಗಿ ಸಿಕ್ಕಳು, ಮಡಿಲಲ್ಲಿ ಕೊಡ. ನೀರಿಗೆ ಕಾದು ತೂಕಡಿಸುತ್ತಿದ್ದಾಳೆಂದು ಜನ ಬಳಸಿಕೊಂಡು ಓಡಾಡಿದ್ದರು.

*

ಅಂಗಳದಲ್ಲಿ ಅಜ್ಜಿಯನ್ನು ಮಂಚದ ಮೇಲೆ ಮಲಗಿಸಿದ್ದರು. ದರ್ಜಿಯ ಹೆಂಡತಿ ರಟ್ಟಿನ ತುಂಡಿನಿಂದ ನೊಣ ಓಡಿಸುತ್ತಿದ್ದಳು. ಮೂವರು ಹಿರಿಯರೂ ಬಂದು ಗೋಡೆ ಪಕ್ಕ ನಿಂತಿದ್ದರು, ಇದ್ದ ಒಂದು ಕುರ್ಚಿಯನ್ನು ಒಬ್ಬರಿಗೊಬ್ಬರು ಬಿಟ್ಟುಕೊಟ್ಟು.

“ಕೂತ್ಕೊಳ್ಳಲ್ಲ ಇವರು,” ಎಂದಳು ದರ್ಜಿಯ ಹೆಂಡತಿ, ಎಲ್ಲರಿಗೂ ಕೇಳುವಂತೆ. “ಮೇಲೂರಿನ ನೀರಿನ ಕಚೇರಿಗೆ ದೂರು ಕೊಡೋಕೆ ಹೋದೋರು, ಬಾಗಿಲಲ್ಲಿ ‘ನೀವು ಮೊದಲು, ನೀವು ಮೊದಲು’ ಅಂತಾ ನಿಂತು, ಕಚೇರಿ ಮುಚ್ಚಿದ ಮೇಲೆ ವಾಪಸ್ ಬಂದ್ರು. ಬೈದಾಡ್ತಿದ್ದ ಕಾಲದಲ್ಲೇ ಚೆನ್ನಾಗಿತ್ತು. ಒಬ್ಬರಾದ್ರೂ ಒಳಗೆ ನುಗ್ತಿದ್ರು.”

ಯಾರೋ ನಗಲು ಹೋಗಿ ಕೆಮ್ಮಿದರು.

“ಮರ್ಯಾದೆಗೆ ಮಾಡಿದ್ದಮ್ಮ,” ಎಂದರು ಗಂಟೆಮನೆಯ ಹಿರಿಯರು.

“ನನ್ನ ಸೊಸೆ ಸತ್ತಾಗ್ಲೂ ಮರ್ಯಾದೆಯಿಂದಾನೇ ಕಾದ್ರಿ.”

ಸಾವಿನ ವಾಸನೆ ಸಣ್ಣಗೆ ಶುರುವಾಗಿತ್ತು. ಅದು ಎಲ್ಲರಿಗೂ ಗೊತ್ತಾಯಿತು, ಯಾರೂ ಮೂಗು ಮುಚ್ಚಲಿಲ್ಲ.

ಬಾಗಿಲಲ್ಲೇ ಇದ್ದ ಮೊಮ್ಮಗಳು ಸೊಂಟದ ಕೊಡ ಇಳಿಸಿದಳು. ಬೀದಿಯ ನಲ್ಲಿಯನ್ನೇ ನೋಡುತ್ತ ನಿಂತಳು. ಆಮೇಲೆ ನಿಧಾನವಾಗಿ ಕೇಳಿದಳು.

“ಕೆಳಗಿನ ನಲ್ಲಿ ಮುಚ್ಚಿದೆ. ಈಗ ನೀವು ಮೇಲೆ ವಾಲ್ವ್ ತೆಗೆದ್ರೂ ಹನಿ ನೀರು ಬೀಳಲ್ಲ. ಹಾಗಿದ್ಮೇಲೆ ಯಾರು ಮೊದಲು ತೆಗೆದ್ರೇನು?”

ಮೂವರೂ ಮುಖ ನೋಡಿಕೊಂಡರು.

“ನೀರು ಬೀಳ್ದೆ ಇದ್ರೆ ಅದು ತೆಗೆದ ಹಾಗೇ ಅಲ್ಲ,” ಎಂದರು ಗುಮ್ಮಟದ ಮನೆಯವರು ತಡವರಿಸುತ್ತ.

“ಅಲ್ಲ. ಹೋಗಿ ತಿರುಗಿಸಿ ಬನ್ನಿ.”

ಹೋದರು. ಮೂರು ಕಡೆಯಿಂದ ಜಂಗು ಹಿಡಿದ ಕಬ್ಬಿಣ ನರಳುವುದು ಕೇಳಿಸಿತು. ಹಿಂದಿರುಗಿ ಬಂದು ನಲ್ಲಿಯ ಸುತ್ತ ನಿಂತರು. ಮತ್ತೆ ಅದೇ ಆಯಿತು. ದೀಪದ ಮನೆಯಮ್ಮ ಗಂಟೆಮನೆಯವರನ್ನು ನೋಡಿದಳು, ಅವರು ಗುಮ್ಮಟದ ಮನೆಯವರನ್ನು ನೋಡಿದರು, ಅವರು ನೆಲ ನೋಡಿದರು.

“ಬೇಡ. ಅಜ್ಜಿನೇ ತೆಗೀಲಿ,” ಎಂದಳು ಮೊಮ್ಮಗಳು. “ಮಂಚ ಹಿಡೀರಿ.”

ಮೂವರು ಹಿರಿಯರೂ ಅವಳೂ ಒಂದೊಂದು ಕಾಲು ಹಿಡಿದು ಮಂಚವನ್ನು ನಲ್ಲಿಯ ಪಕ್ಕಕ್ಕೆ ತಂದರು. ಸೆಕೆಗೆ ಅಜ್ಜಿಯ ಬೆರಳುಗಳ ಬಿಗಿ ಆಗಲೇ ಬಿಟ್ಟುಹೋಗಿತ್ತು. ಮೊಮ್ಮಗಳು ಅವನ್ನು ಒಂದೊಂದಾಗಿ ನಲ್ಲಿಯ ಮೇಲೆ ಮಡಿಸಿ, ಮೇಲೆ ತನ್ನ ಕೈಯಿಟ್ಟು ತಿರುಗಿಸಿದಳು. ಮೊದಲು ಬಿಸಿಗಾಳಿ ಉಸ್ಸೆಂದಿತು. ಆಮೇಲೆ ಕೆಂಪು ಕೆಸರು. ಆಮೇಲೆ ನೀರು.

ಬೀದಿಯ ಹೆಂಗಸರು ಕೊಡಗಳನ್ನು ತಂದಿದ್ದರು. ಯಾರೂ ಮುಂದೆ ಒಡ್ಡಲಿಲ್ಲ. ಮೂರೂ ಮನೆಯ ಹೆಂಗಸರು ಸುತ್ತ ಹೊದಿಕೆ ಹಿಡಿದು ಮರೆ ಮಾಡಿದರು. ಹಿರಿಯರಿಬ್ಬರು ಬೆನ್ನು ತಿರುಗಿಸಿ ಹೊರಗೆ ನಿಂತರು. ದೀಪದ ಮನೆಯಮ್ಮ ಒಳಗೆ ಬಂದು ತಂಬಿಗೆ ತುಂಬಿ ತುಂಬಿ ಕೊಟ್ಟಳು, ಕಣ್ಣು ಮೇಲೆತ್ತಲಿಲ್ಲ.

ಮೊಮ್ಮಗಳು ಅಜ್ಜಿಯ ಕೂದಲು ತೊಳೆದಳು. ಕಿವಿಯ ಹಿಂದೆ ತೊಳೆದಳು. ಬೆರಳ ಸಂದಿಯಲ್ಲಿ ಕೂತಿದ್ದ ನಲ್ಲಿಯ ಜಂಗು ತೊಳೆದಳು. ಕಡೆಗೆ ಕಾಲ ಬಳಿ ಮಂಡಿಯೂರಿ, ಬಿರಿದ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದು ಉಳಿದ ನೀರನ್ನು ಸುರಿದಳು.

ಆ ನೀರು ಹೊದಿಕೆಯಡಿಯಿಂದ ಬೀದಿಗೆ ಹರಿಯಿತು. ಹೊರಗೆ ನಿಂತಿದ್ದ ಹಿರಿಯರ ಬರಿಗಾಲನ್ನು ಮುಟ್ಟಿತು. ಅವರು ಸರಿಯಲಿಲ್ಲ. ಅವರನ್ನು ದಾಟಿ, ಧೂಳನ್ನು ಉಂಡೆ ಕಟ್ಟುತ್ತ ಇನ್ನಷ್ಟು ದೂರ ಹೋಗಿ, ಚರಂಡಿ ಸೇರುವ ಮೊದಲೇ ಆರಿತು.