ಹನ್ನೊಂದು ಸಸಿಯ ಲೆಕ್ಕ

ಹೂವಿನ ಚಕ್ರ ಬಾಗಿಲಲ್ಲಿ ಹಿಡಿಸಲಿಲ್ಲ. ಕಡಲ ಸಂಶೋಧನಾ ಕೇಂದ್ರದ ಇಬ್ಬರು ನೌಕರರು ಅದನ್ನು ಮಂಚ ಸಾಗಿಸುವವರ ಹಾಗೆ ಓರೆ ಮಾಡಿದರು, ಮೇಲೆತ್ತಿದರು, ಕೊನೆಗೆ ಒಂದು ಬದಿ ಮಡಚಿ ಒಳಕ್ಕೆ ನೂಕಿದರು. ಚಕ್ರಕ್ಕೆ ಕಟ್ಟಿದ್ದ ಪಟ್ಟಿಯ ಮೇಲೆ ಕೇಂದ್ರದ ಹೆಸರು ಅಂಗೈ ಅಗಲದ ಅಕ್ಷರಗಳಲ್ಲಿತ್ತು. ಅದರ ಕೆಳಗೆ ನಿರ್ದೇಶಕರ ಹೆಸರು, ಹೆಸರಿನ ಹಿಂದೆ ಪದವಿಗಳ ಬಾಲ. ಸತ್ತವನ ಹೆಸರು ಮಡಿಕೆಯೊಳಗೆ ಹೋಗಿತ್ತು.

"ಹುಷಾರಪ್ಪಾ, ಹೂ ಉದುರುತ್ತೆ," ಎಂದು ಹಿಂದಿನಿಂದ ನಿರ್ದೇಶಕರ ದನಿ ಕೇಳಿತು.

ಶವಪೆಟ್ಟಿಗೆಯ ತಲೆಯ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದ ಹೆಂಡತಿ ಏಳಲಿಲ್ಲ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಊರಿಗೆಲ್ಲ ಸಿಸ್ಟರಮ್ಮ. ಸಾವಿನ ಮನೆಗೆ ಅಳಲು ಬರುವವರು ಯಾರು, ಕಾಣಿಸಿಕೊಳ್ಳಲು ಬರುವವರು ಯಾರು ಎಂಬುದು ಅವಳಿಗೆ ನಡಿಗೆಯಲ್ಲೇ ತಿಳಿಯುತ್ತಿತ್ತು. ನಿರ್ದೇಶಕರ ಹಿಂದೆ ಫೋಟೋದವನು ಬಂದ. ಅಲ್ಲಿಗೆ ಇದ್ದ ಅನುಮಾನವೂ ಹೋಯಿತು.

"ಅವರು ನಮ್ಮ ಕೇಂದ್ರದ ಆಧಾರಸ್ತಂಭ ಕಣಮ್ಮಾ," ಎಂದರು ನಿರ್ದೇಶಕರು, ಅವಳ ಎರಡೂ ಕೈ ಹಿಡಿದುಕೊಂಡು.

ಆ ಸ್ತಂಭವನ್ನು ಆರು ವರ್ಷದಿಂದ ಮೀನಿನ ಮ್ಯೂಸಿಯಮ್ಮಿನ ಶೌಚಾಲಯದ ಪಕ್ಕ ಟಿಕೆಟ್ ಹರಿಯಲು ಕೂರಿಸಿದ್ದರು. ಮೊನ್ನೆ ಅದೇ ಕುರ್ಚಿಯಲ್ಲಿ ಪ್ರಾಣ ಹೋಗಿತ್ತು. ನಿದ್ದೆ ಮಾಡುತ್ತಿದ್ದಾನೆಂದು ತಿಳಿದ ಯಾರೋ ಒಬ್ಬ ದೊಡ್ಡ ಮನುಷ್ಯ ದೂರು ಪುಸ್ತಕ ಕೇಳಿ ತರಿಸಿಕೊಂಡು, ನೌಕರರ ಸೋಮಾರಿತನದ ಬಗ್ಗೆ ಅರ್ಧ ಪುಟ ಬರೆದ ಮೇಲೆಯೇ ವಿಷಯ ಗೊತ್ತಾದದ್ದು.

"ಒಂದು ಯೋಚನೆ ಮಾಡಿದ್ದೀನಿ," ನಿರ್ದೇಶಕರು ಕೂತರು. "ಅವರ ನೆನಪಿಗೆ ಹತ್ತು ಸಾವಿರ ಕಾಂಡ್ಲಾ ಸಸಿ. ಇವತ್ತೇ ಶುರು. ನಾಲ್ಕು ಗಂಟೆಗೆ ಇಳಿತ ಇದೆ, ಇನ್ನೂರು ಸಸಿ ವ್ಯಾನಲ್ಲೇ ತಂದಿದ್ದೀವಿ. ಮೊದಲನೇದು ನಿಮ್ಮ ಕೈಯಿಂದ ಆಗಬೇಕು."

ಸುತ್ತ ಕೂತವರು ತಲೆದೂಗಿದರು. ವಿಮೆ ಏಜೆಂಟನಾಗಿದ್ದ ಮೈದುನನಿಗಂತೂ ಕಣ್ಣು ತುಂಬಿ ಬಂತು. "ಎಂಥ ಭಾಗ್ಯ ನೋಡಿ ಅತ್ತಿಗೆ! ನಮ್ಮಣ್ಣನ ಹೆಸರಲ್ಲಿ ಕಾಡು!"

"ಎಲ್ಲಿ ನೆಡ್ತೀರಿ ಸಾರ್?" ಎಂದಳು ಸಿಸ್ಟರಮ್ಮ.

"ಇನ್ನೆಲ್ಲಿ? ಅವರಿಗೆ ಪ್ರೀತಿಯ ಜಾಗ, ಅದೇ ಕೆಸರು ಬಯಲಲ್ಲಿ."

ಅವಳಿಗೆ ನಗು ಬಂತು. ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು, ಭುಜ ಅಲುಗಿತು. ಅಳುತ್ತಿದ್ದಾಳೆಂದು ತಿಳಿದು ಫೋಟೋದವನು ಒಂದು ಹೆಜ್ಜೆ ಮುಂದೆ ಬಂದು ಚಿತ್ರ ತೆಗೆದುಕೊಂಡ.

*

ಏಳು ವರ್ಷದ ಹಿಂದೆ ಆ ಬಯಲಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಈ ಕಾಂಡ್ಲಾದ ಇಪ್ಪತ್ತು ಸಾವಿರ ಸಸಿ ನೆಟ್ಟಿದ್ದರು. ಶಾಮಿಯಾನ, ಮೈಕು, ಟೋಪಿ, ಶಾಲೆಯ ಮಕ್ಕಳು. ಕಡಲಿನಿಂದ ಕೊಚ್ಚಿ ಹೋಗುತ್ತಿರುವ ದಂಡೆಯನ್ನು ಈ ಮರಗಳು ಬೇರಿನಿಂದ ಹಿಡಿದು ನಿಲ್ಲಿಸುತ್ತವೆ ಎಂದು ನಿರ್ದೇಶಕರು ಭಾಷಣ ಮಾಡಿದ್ದರು. ಕೇಂದ್ರದ ಕ್ಷೇತ್ರ ಸಹಾಯಕನಾಗಿದ್ದ ಅವಳ ಗಂಡ ಅಂದು ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸುವುದನ್ನೇ ಮರೆತಿದ್ದ.

"ಕಾಂಡ್ಲಾಗೆ ದಂಡೆ ಬೇಕು ಕಣೇ. ನೀರು ಬಂದು ಹೋಗ್ತಿರಬೇಕು. ಇವರು ನೆಟ್ಟಿರೋದು ತಗ್ಗಲ್ಲಿ. ದಿನಕ್ಕೆ ಹದಿನಾಲ್ಕು ಗಂಟೆ ಮುಳುಗೇ ಇರುತ್ತೆ. ನಿನ್ನ ಮೂಗನ್ನ ಹದಿನಾಲ್ಕು ಗಂಟೆ ನೀರಲ್ಲಿ ಅದ್ದಿ ಹಿಡಿದ್ರೆ?"

"ನನ್ನ ಮೂಗಿನ ವಿಷಯ ಬಿಡಿ. ಹೇಳಿದ್ರಾ ಅವರಿಗೆ?"

"ಹೇಳಿದೆ. ಅಲ್ಲಿ ಕಡಲ ಹುಲ್ಲಿದೆ ಸಾರ್, ಸಿಗಡಿ ಮರಿ ಎಲ್ಲಾ ಬೆಳೆಯೋದು ಅದರೊಳಗೇ, ತುಳೀಬೇಡಿ ಅಂದೆ. ಹುಲ್ಲು ಫೋಟೋದಲ್ಲಿ ಕಾಣಲ್ಲ ಅಂದ್ರು."

ವರ್ಷ ತುಂಬಿದ ಮೇಲೆ ಎಣಿಸುವ ಕೆಲಸ ಅವನಿಗೇ ಬಂತು. ಮೂರು ಇಳಿತ, ಮೂರು ದಿನ, ಸಾಲು ಸಾಲಾಗಿ ನಡೆದು ಎಣಿಸಿದ. ಬದುಕಿದ್ದವು ಹನ್ನೊಂದು. ಅವೂ ಬಯಲಲ್ಲಿರಲಿಲ್ಲ. ಸಾಲಿನಿಂದ ತಪ್ಪಿಸಿಕೊಂಡ ನಾಲ್ಕೈದು ಮಕ್ಕಳು ಆಚೆಯ ಹಳ್ಳದ ದಂಡೆಯಲ್ಲಿ ಆಟಕ್ಕೆ ಚುಚ್ಚಿ ಬಂದಿದ್ದ ಸಸಿಗಳು ಅವು. ಅವನು ವರದಿಯಲ್ಲಿ ಹನ್ನೊಂದು ಎಂದೇ ಬರೆದ. ಟೈಪಾಗಿ ಸಹಿಗೆ ಬಂದಾಗ ಅದು ಹನ್ನೊಂದು ಸಾವಿರವಾಗಿತ್ತು.

ಸಹಿ ಹಾಕಲಿಲ್ಲ. ಗಲಾಟೆಯನ್ನೂ ಮಾಡಲಿಲ್ಲ. ಕಾಗದವನ್ನು ಮೇಜಿನ ಮೇಲೆ ನೇರವಾಗಿ ಇಟ್ಟು, ಮೇಲೆ ಪೇಪರ್‌ವೇಟ್ ಇಟ್ಟು, ಮನೆಗೆ ಬಂದ. ಅಂದಿನಿಂದ ಕೇಂದ್ರದಲ್ಲಿ ಅವನ ಹೆಸರು ಹನ್ನೊಂದಣ್ಣ ಎಂದಾಯಿತು. ಕಾಫಿ ತರುವವನೂ ಅವನಿಗೆ, "ಎಷ್ಟು ಸಕ್ಕರೆ, ಹನ್ನೊಂದಾ?" ಎನ್ನುತ್ತಿದ್ದ.

ಅವನ ಮೇಲೆ ಎಲ್ಲರಿಗಿಂತ ಹೆಚ್ಚು ಉರಿದುಬಿದ್ದವಳು ಹೆಂಡತಿಯೇ.

"ಮೂರು ಸೊನ್ನೆ ಹಾಕೋಕೆ ಕೈ ಸವೆದು ಹೋಗ್ತಿತ್ತಾ ನಿಮ್ಮದು?"

"ನೂರಾ ಮೂರು ಜ್ವರ ಇದ್ರೆ ನೀನು ತೊಂಬತ್ತೆಂಟು ಅಂತ ಬರೀತೀಯಾ?"

"ಹಂಗೆ ಬರೆದ್ರೆ ಮನುಷ್ಯ ಸಾಯ್ತಾನೆ. ನೀವು ಎಣಿಸೋದು ಕಡ್ಡಿ!"

ಅವನು ಪತ್ರಿಕೆಯ ಪುಟ ತಿರುಗಿಸಿದ. ಅವಳಿಗೆ ಹೇಸಿಗೆಯಾಗಿದ್ದು ಅದಕ್ಕೇ. ಬಗ್ಗುವುದೂ ಇಲ್ಲ, ತಿರುಗಿ ಬೀಳುವುದೂ ಇಲ್ಲ. ಗೋಡೆಗೆ ಹೊಡೆದ ಮೊಳೆಯ ಹಾಗೆ ಇದ್ದಲ್ಲೇ ಇರುವ ಗಂಡಸು. ಆರನೇ ದಿನಕ್ಕೆ ಮ್ಯೂಸಿಯಮ್ಮಿಗೆ ವರ್ಗವಾಯಿತು. ಸಹಿಯನ್ನು ಬೇರೆ ಯಾರೋ ಹಾಕಿದರು. ವರ್ಷಾವರ್ಷ ಅದೇ ಬಯಲಲ್ಲಿ ಹೊಸ ಸಸಿ ನೆಟ್ಟರು, ವರ್ಷಾವರ್ಷ ಅವು ಸತ್ತವು, ವರ್ಷಾವರ್ಷ ನಿರ್ದೇಶಕರಿಗೆ ಶಾಲು ಬಂತು.

ಇವನು ಭಾನುವಾರ ಬಂತೆಂದರೆ ಊರಿನ ಒಬ್ಬ ದೋಣಿಯವನ ಜೊತೆ ಹೋಗಿ, ಸತ್ತ ಸಸಿಗಳ ಪ್ಲಾಸ್ಟಿಕ್ ಚೀಲಗಳನ್ನು ಹುಲ್ಲಿನ ಮೇಲಿಂದ ಆಯ್ದು ಮೂಟೆ ಕಟ್ಟಿ ತರುತ್ತಿದ್ದ. ಹಿತ್ತಿಲಲ್ಲಿ ರಾಶಿ ಬೀಳುತ್ತಿತ್ತು. ಅವಳು ಮೂಗು ಮುಚ್ಚಿಕೊಂಡು, "ರದ್ದಿಯವನನ್ನ ಮದುವೆಯಾದೆ," ಎನ್ನುತ್ತಿದ್ದಳು. ಪಕ್ಕದ ಮನೆಯವರಿಗೂ ಕೇಳಿಸುವ ಹಾಗೆ. ಆರು ವರ್ಷ ಅಂದಳು. ಒಂದು ಸಲವೂ ಅವನ ಜೊತೆ ಹೋಗಿ ನೋಡಲಿಲ್ಲ.

*

ಸ್ಮಶಾನ ಗುಡ್ಡದ ಇಳಿಜಾರಿನಲ್ಲಿತ್ತು. ಕೆಳಗೆ ಇಳಿತಕ್ಕೆ ತೆರೆದುಕೊಂಡ ಬಯಲು, ಅಂಚಿನಿಂದ ಅಂಚಿನವರೆಗೆ ಕಾಣುತ್ತಿತ್ತು. ಪೆಟ್ಟಿಗೆ ಗುಂಡಿಗಿಳಿದು ಮೊದಲ ಮಣ್ಣು ಬಿದ್ದ ಮೇಲೆ ನಿರ್ದೇಶಕರು ಜೇಬಿನಿಂದ ಕಾಗದ ತೆಗೆದರು. ಮುಂದಿನ ವಾರ ದೊಡ್ಡ ಪ್ರಶಸ್ತಿಯೊಂದರ ಸಮಿತಿ ಅವರ ಕಾಡು ನೋಡಲು ಬರುವುದಿತ್ತು; ಭಾಷಣದಲ್ಲಿ ಸಮಿತಿಗೆ ಸ್ವಾಗತ ಕೋರುವ ಸಾಲನ್ನು ಅಳಿಸುವುದು ಮರೆತುಹೋಗಿ, ಅದನ್ನೂ ಓದಿ, ಕೆಮ್ಮಿದರು.

"ಈ ಮಹನೀಯರು ಎಣಿಸಿ, ಪೋಷಿಸಿದ ಹನ್ನೊಂದು ಸಾವಿರ ಮರಗಳು ಇಂದು ನಮ್ಮ ಕಣ್ಣೆದುರಿಗೇ ತಲೆ ಎತ್ತಿ ನಿಂತಿವೆ."

ಎಲ್ಲರೂ ಕೆಳಗೆ ನೋಡಿದರು. ಬಯಲಿನಲ್ಲಿ ತಲೆ ಎತ್ತಿ ನಿಂತಿದ್ದದ್ದು ಎರಡು ಬೆಳ್ಳಕ್ಕಿ. ಕೇಂದ್ರದ ವಿಜ್ಞಾನಿಗಳು ನಾಲ್ವರಿದ್ದರು. ನಾಲ್ವರಿಗೂ ಅದೇ ಕ್ಷಣದಲ್ಲಿ ತಂತಮ್ಮ ಕೈಗಡಿಯಾರದಲ್ಲಿ ನೋಡುವಂಥದ್ದೇನೋ ಸಿಕ್ಕಿತು.

"ಎಲ್ಲಿ ಸಾರ್?" ಸಿಸ್ಟರಮ್ಮ ಹಣೆಗೆ ಕೈ ಅಡ್ಡ ಹಿಡಿದಳು. "ನನ್ನ ಕಣ್ಣು ಸ್ವಲ್ಪ ಮಂಜು. ಎಲ್ಲಿ ನಿಂತಿವೆ ತೋರಿಸಿ."

"ಅತ್ತಿಗೆ!" ಮೈದುನ ಮೊಣಕೈ ಹಿಡಿದ. "ದೊಡ್ಡವರು ಮಾತಾಡ್ತಿದ್ದಾರೆ."

"ದೊಡ್ಡವರೇ ತಾನೇ, ಅದಕ್ಕೇ ಕೇಳ್ತಿರೋದು. ಮರ ಸಾರ್. ಹನ್ನೊಂದು ಸಾವಿರ. ಒಂದು ನೂರಾದ್ರೂ ತೋರಿಸಿ, ಮಿಕ್ಕಿದ್ದು ನಾನೇ ನಂಬ್ಕೋತೀನಿ."

"ಅದು... ಒಂದು ಸಾಂಕೇತಿಕ ಅರ್ಥದಲ್ಲಿ ಹೇಳಿದ್ದು ಕಣಮ್ಮಾ," ಎಂದರು ನಿರ್ದೇಶಕರು. ಕಾಗದ ಮಡಚಿದರು. ಆಮೇಲೆ ಎಲ್ಲರಿಗೂ ಕೇಳಿಸುವಂತೆ, "ದುಃಖದಲ್ಲಿದ್ದಾರೆ, ಪಾಪ," ಎಂದರು.

ಆ 'ಪಾಪ' ಅವಳ ಕಿವಿಯಲ್ಲಿ ನಿಂತಿತು. ತಾನೂ ಗಂಡನ ಬಗ್ಗೆ ನೆಂಟರ ಮುಂದೆ ಹೀಗೆಯೇ, ಇದೇ ರಾಗದಲ್ಲಿ, ಎಷ್ಟು ಸಲ ಅಂದಿದ್ದಳು! ಎದುರಿಗಿದ್ದ ಮನುಷ್ಯನ ಮೇಲೆ ಬಂದಿದ್ದ ಅಸಹ್ಯ ಒಮ್ಮೆಗೇ ತಿರುಗಿ ಅವಳ ಮೇಲೇ ಬಿತ್ತು. ಅಲ್ಲಿಯವರೆಗೆ ಬಾರದ ಅಳು ಈಗ ಬಂತು. ಒರೆಸಿಕೊಳ್ಳದೆ ಗುಂಡಿ ತುಂಬುವವರೆಗೆ ನಿಂತಳು.

*

ಕೆಳಗೆ ವ್ಯಾನಿನ ಹತ್ತಿರ ಕೂಲಿಯ ಹೆಂಗಸರು ಬುಟ್ಟಿ ಹಿಡಿದು ಕಾದಿದ್ದರು. ನಿರ್ದೇಶಕರು ಒಂದು ಸಸಿ ಎತ್ತಿ ಸಿಸ್ಟರಮ್ಮನ ಕೈಗಿಟ್ಟರು. "ಇವರು ನೆಟ್ಟ ಕಡೆಯಿಂದಲೇ ಎಲ್ಲರೂ ಶುರು ಮಾಡ್ಬೇಕು, ತಿಳೀತಾ?" ಎಂದು ಹೆಂಗಸರಿಗೆ ಹೇಳಿ, ಫೋಟೋದವನ ಕಡೆ ತಲೆಯಾಡಿಸಿದರು.

ಅವಳು ಸಸಿಯ ಚೀಲ ಹರಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಕ್ಕದಲ್ಲಿದ್ದ ದೋಣಿಯವನನ್ನು ಮೆಲ್ಲಗೆ ಕೇಳಿದಳು, "ಆ ಹನ್ನೊಂದು ಇರೋ ಹಳ್ಳ ಎಲ್ಲಿ?"

ಅವನು ಅವಳ ಮುಖ ನೋಡಿದ. "ಅಗೋ, ಬಯಲು ದಾಟಿ. ಮರಳ ದಿಣ್ಣೆ ಹಿಡ್ಕೊಂಡು ಹೋಗಿ ಅಮ್ಮಾ, ಗಟ್ಟಿಯಿದೆ. ಬಲಕ್ಕೆ ಕಾಲಿಟ್ರೆ ಮೊಣಕಾಲು ಹೂತು ಹೋಗುತ್ತೆ. ಹನ್ನೊಂದಣ್ಣ ಯಾವಾಗ್ಲೂ ದಿಣ್ಣೆ ಮೇಲೇ ಹೋಗ್ತಿದ್ದಿದ್ದು, ಹುಲ್ಲು ತುಳೀಬಾರ್ದು ಅಂತ."

ಅವಳು ಬರಿಗಾಲಲ್ಲಿ ನಡೆದಳು.

"ಇಲ್ಲೇ ಸಾಕಮ್ಮಾ, ಬೆಳಕು ಚೆನ್ನಾಗಿದೆ," ನಿರ್ದೇಶಕರು ಕೂಗಿದರು. ಅವಳು ನಿಲ್ಲಲಿಲ್ಲ. ಎಡಗಡೆ, ಅಂಗೈ ಆಳದ ನೀರಿನಲ್ಲಿ ಹುಲ್ಲು ಒಂದೇ ಕಡೆಗೆ ವಾಲಿ ಮಲಗಿತ್ತು. ಅದರೊಳಗೆ ಉಗುರಿನಷ್ಟು ಸಿಗಡಿ ಮರಿಗಳು, ಗಾಜಿನಂಥವು, ಅವಳ ನೆರಳು ಬಿದ್ದ ಕಡೆ ಚದುರಿದವು. ಇದನ್ನೇ ಅವನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದದ್ದು. ಅವಳು ಸಾರು ಬಡಿಸುತ್ತ ಹ್ಞೂಂಗುಟ್ಟುತ್ತಿದ್ದದ್ದು.

"ಅಮ್ಮಾ! ಇನ್ನೆಷ್ಟು ದೂರ?"

"ಇಲ್ಲೇ ಸಾರ್, ಸಾಂಕೇತಿಕವಾಗಿ ಎರಡು ಹೆಜ್ಜೆ!" ಎಂದಳು ತಿರುಗದೆ.

ಬುಟ್ಟಿ ಹೊತ್ತ ಹೆಂಗಸರು ಅವಳ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ಸಾಲಾಗಿ ಬಂದರು. ನಿರ್ದೇಶಕರಿಗೆ ಸಾಲಿನ ಹಿಂದೆ ಬರುವುದು ಗೊತ್ತಿರಲಿಲ್ಲ. ಅವಳನ್ನು ಅಡ್ಡಗಟ್ಟಲು ಬಲಗಡೆಯಿಂದ ಹತ್ತಿರದ ದಾರಿ ಹಿಡಿದರು. ಫೋಟೋದವನೂ ಹಿಂದೆ ಹೋದ.

ಹಳ್ಳದ ದಂಡೆ ಬಂತು. ಅಲ್ಲಿ ಕಾಂಡ್ಲಾ ಮರಗಳು ಆಳುದ್ದ ಬೆಳೆದು, ಬುಡದಲ್ಲಿ ಏಡಿಗಳಿಗೆ ಮನೆ ಕೊಟ್ಟು, ಯಾರ ಗೊಡವೆಯೂ ಇಲ್ಲದೆ ನಿಂತಿದ್ದವು. ಅವಳು ಎಣಿಸಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಗುಳಿ ತೋಡಿ, ಸಸಿಯಿಟ್ಟು, ಸೂಜಿ ಚುಚ್ಚಿದ ಜಾಗವನ್ನು ಒತ್ತುವ ಹಾಗೆ ಹೆಬ್ಬೆರಳಿನಿಂದ ಸುತ್ತಲೂ ಒತ್ತಿದಳು.

"ಇಲ್ಲಿಂದ ಶುರು ಮಾಡ್ರಮ್ಮ," ಎಂದಳು. "ಸಾಹೇಬ್ರೇ ಹೇಳಿದ್ದಾರಲ್ಲ. ಚೀಲ ಮಾತ್ರ ಕೆಳಗೆ ಬಿಸಾಡ್ಬೇಡಿ, ನನಗೆ ಕೊಡಿ."

ಹೆಂಗಸರು ಬುಟ್ಟಿ ಇಳಿಸಿದರು. ಅವಳು ಎದ್ದು ಹಿಂತಿರುಗಿ ನೋಡಿದಳು.

ಬಯಲಿನ ಬಲಭಾಗದಲ್ಲಿ, ತೊಡೆಯವರೆಗೆ ಹೂತುಹೋಗಿದ್ದ ನಿರ್ದೇಶಕರು ಒಂದು ಕೈಯಲ್ಲಿ ಕನ್ನಡಕ ಮೇಲೆತ್ತಿ ಹಿಡಿದು, ಇನ್ನೊಂದು ಕೈಯನ್ನು ಕಂಕುಳವರೆಗೆ ಕೆಸರಿಗಿಳಿಸಿ, ಕೆನ್ನೆ ನೀರಿಗೆ ತಾಗುವಷ್ಟು ಬಾಗಿ, ಕಳೆದುಹೋದ ಬೂಟಿಗಾಗಿ ತಡಕಾಡುತ್ತಿದ್ದರು. ನಾಲ್ಕು ಮಾರು ಆಚೆ ಮೊಣಕಾಲುದ್ದ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಫೋಟೋದವನು, ಬೇರೇನೂ ಮಾಡಲು ತೋಚದೆ, ಒಂದರ ಮೇಲೊಂದು ಚಿತ್ರ ತೆಗೆಯುತ್ತಲೇ ಇದ್ದ.