ಹನ್ನೊಂದು ಜನರ ಕಿವಿ

ಕೋರ್ಟಿನ ಆದೇಶವಾಗಿ ಹತ್ತೊಂಬತ್ತು ದಿನ ಕಳೆದರೂ ಕಂಪನಿಯ ಕಾಗದ ಬಂದಿರಲಿಲ್ಲ. ಬಾಗಿಲ ಸದ್ದಾದರೆ ಸಾಕು, ಹೊಲಿಗೆ ಮೆಷಿನ್ ಬಿಟ್ಟು ಏಳುತ್ತಿದ್ದೆ. ಬಂದವರು ಹಾಲಿನವನೋ, ಮಗನ ಶರ್ಟ್ ಆಯಿತಾ ಎಂದು ಕೇಳುವ ಪಕ್ಕದ ಮನೆಯವಳೋ ಆಗಿರುತ್ತಿದ್ದರು. ಆ ದಿನಗಳಲ್ಲಿ ನಾನು ಹೊಲಿದ ತೋಳುಗಳನ್ನು ಎರಡೆರಡು ಸಲ ಬಿಚ್ಚಿದ್ದೇನೆ.

ನನ್ನ ಗಂಡ ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದು ಎರಡೂ ಕಿವಿ ಕಳೆದುಕೊಂಡವರು. ವಯಸ್ಸಾಯಿತು, ಅದಕ್ಕೆ ಹೀಗೆ ಎಂದು ಕಂಪನಿ ಕೈತೊಳೆದುಕೊಂಡಿತು. ಐವತ್ತೊಂದು ಒಂದು ವಯಸ್ಸೇ? ನನಗೆ ಮೈಯೆಲ್ಲ ಉರಿದು ವಕೀಲಮ್ಮನ ಬಳಿ ಹೋದೆ.

"ದಾವೆ ಹಾಕೋಕೆ ಮುಂಚೆನೇ ಅವರ ಹತ್ರ ಇರೋ ಕಾಗದ ನೋಡ್ಬಿಡೋಣ" ಎಂದರು ವಕೀಲಮ್ಮ. "ವರ್ಷಾವರ್ಷ ಕಿವಿ ಪರೀಕ್ಷೆ ಮಾಡ್ಸಿದಾರಲ್ಲ, ಕೋರ್ಟಿಂದ ಆದೇಶ ಮಾಡ್ಸಿ ಶೆಡ್ಡಿನವರೆಲ್ಲರದ್ದೂ ತರಿಸ್ತೀನಿ. ಕಿವಿ ಹಾಳಾಗ್ತಿರೋದು ಗೊತ್ತಿದ್ದೂ ಸುಮ್ನಿದ್ರು ಅಂತ ಆದ್ರೆ ಕೇಸು ನಿಲ್ಲುತ್ತೆ. ಇಲ್ಲಾಂದ್ರೆ ಹಾಕೋದೇ ಬೇಡ."

ಅಂದಿನಿಂದ ಮನೆಯಲ್ಲಿ ಇವರದು ಒಂದೇ ರಾಗ. "ಆ ಕಾಗದ ಎಲ್ಲ ಯಾಕೆ ಕೆದಕ್ತೀಯಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಂಡಸು ನನ್ನ ಮನೆಯಲ್ಲೇ ಇದ್ದಾನೆಂದು ನನಗೆ ಹೊಳೆಯಲಿಲ್ಲ. ನಾನು ಜಗಳಕ್ಕೆ ನಿಂತರೆ ಇವರು ಕಣ್ಣು ಮುಚ್ಚಿಬಿಡುತ್ತಿದ್ದರು. ಮಗ್ಗದವರು ತುಟಿ ನೋಡಿ ಮಾತು ತಿಳಿಯುವವರು. ಕಣ್ಣು ಮುಚ್ಚಿದರೆ ಹೆಂಡತಿಯ ಬಾಯಿಯೂ ಮುಚ್ಚಿದಂತೆ!

ಇಪ್ಪತ್ತನೆಯ ದಿನ, ಶುಕ್ರವಾರ, ಕಾಗದದ ಕಟ್ಟು ಬಂತು. ಮೇಲೆ ವಕೀಲಮ್ಮನ ಚೀಟಿ: 'ಎಂಟು ವರ್ಷದ ಹಿಂದಿನ ಪರೀಕ್ಷೆಯಲ್ಲಿ ನಿಮ್ಮವರ ಕಿವಿ ಮಗುವಿನ ಕಿವಿಯಷ್ಟು ಚೆನ್ನಾಗಿದೆ. ಇದು ಹೇಗೆ? ಸೋಮವಾರದೊಳಗೆ ತಿಳಿಸಿ.'

ಎಂಟು ವರ್ಷದ ಹಿಂದೆ ತಲೆದಿಂಬಿನ ಪಕ್ಕ ಫೋನ್ ಬಡಿದುಕೊಂಡರೂ ಇವರಿಗೆ ಕೇಳುತ್ತಿರಲಿಲ್ಲ. ನಾನೇ ಎದ್ದು ತೆಗೆಯುತ್ತಿದ್ದೆ.

ಹಾಳೆ ಹರಡಿ ಕೂತೆ. ಒಬ್ಬೊಬ್ಬರಿಗೂ ವರ್ಷಕ್ಕೊಂದು ಹಾಳೆ, ಅದರಲ್ಲಿ ಒಂದು ಗೆರೆ. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ. ಬೇರೆಯವರ ಹೆಸರಿಗೆ ಮಸಿ ಬಳಿದಿದ್ದರು. ಓದಲು ನನಗೆ ಬರುವುದು ಅಷ್ಟಕ್ಕಷ್ಟೇ, ಆದರೆ ಅಚ್ಚಿಗೆ ಅಚ್ಚು ಹೊಂದಿಸಿ ಬಟ್ಟೆ ಕತ್ತರಿಸುವುದು ನನ್ನ ಕಸುಬು. ಇವರ ಹಾಳೆಯ ಮೇಲೆ ಅದೇ ವರ್ಷದ ಇನ್ನೊಬ್ಬರದನ್ನಿಟ್ಟು ಕಿಟಕಿಯ ಗಾಜಿಗೆ ಹಿಡಿದೆ. ಗೆರೆಯ ಮೇಲೆ ಗೆರೆ ಕೂತಿತು. ಇನ್ನೊಂದು ಇಟ್ಟೆ, ಅದೂ ಕೂತಿತು. ನಲವತ್ತು ಜನರಲ್ಲಿ ಹನ್ನೊಂದು ಜನರಿಗೆ ಒಂದೇ ಕಿವಿ!

"ಯಾರ್ರೀ ಇದು?" ಎಂದು ಹಾಳೆಗಳನ್ನು ಇವರ ಮುಖಕ್ಕೆ ಹಿಡಿದೆ.

ಈ ಸಲ ಕಣ್ಣು ಮುಚ್ಚಲಿಲ್ಲ. "ತಮ್ಮ" ಎಂದರು.

ಪರೀಕ್ಷೆಯಲ್ಲಿ ಸೋತವರನ್ನು ಮಗ್ಗದಿಂದ ತೆಗೆದು ಅಂಗಳ ಗುಡಿಸಲು ಹಾಕುತ್ತಿದ್ದರಂತೆ. ಪರೀಕ್ಷೆ ಮಾಡುವವನು ಹೊರಗಿನವನು, ಮುಖ ನೋಡದೆ ಟೋಕನ್ ನಂಬರ್ ಬರೆದುಕೊಳ್ಳುವವನು. ಆಗ ನನ್ನ ಮೈದುನ ಸದ್ದಿಲ್ಲದ ಪ್ಯಾಕಿಂಗ್ ವಿಭಾಗದಲ್ಲಿದ್ದ. ಅಣ್ಣನ ಟೋಕನ್ ಹಿಡಿದು ಒಂದು ಸಲ ಒಳಗೆ ಹೋದ. ನಮ್ಮ ಟೋಕನ್ನೂ ಹಿಡಿದು ಹೋಗಪ್ಪ ಎಂದು ಕಿವಿ ಮಂದವಾದ ಮಿಕ್ಕವರೂ ಕೈಮುಗಿದರು. ಮುಂದೆ ಅದೇ ರೂಢಿಯಾಯಿತು.

"ಈಗ ಗೊತ್ತಾದ್ರೆ ಅವನ ಕೆಲಸ ಹೋಗುತ್ತೆ" ಎಂದರು ಇವರು. "ಎರಡು ಹೆಣ್ಮಕ್ಕಳು ಅವನಿಗೆ. ನನ್ನ ಕಿವಿ ಹೇಗೂ ಹೋಯ್ತು, ಬಿಡು."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದರು ನನ್ನ ಜಾಣ ಗಂಡ. ಸಿಟ್ಟೂ ಬಂತು, ಅಳುವೂ ಬಂತು.

ಭಾನುವಾರದವರೆಗೆ ನಾನು ಕೂತಲ್ಲಿ ಕೂರಲಿಲ್ಲ. ಮತ್ತೆ ಮತ್ತೆ ಹಾಳೆ ಜೋಡಿಸಿದೆ. ವರ್ಷದ ಪ್ರಕಾರ ಇಟ್ಟಾಗ ಕಂಡಿತು: ಮೊದಲ ಐದು ವರ್ಷ ಮೇಲ್ಗಡೆಯೇ ನೇರವಾಗಿದ್ದ ಗೆರೆ ಕೊನೆಯ ಮೂರು ವರ್ಷ ಬಲತುದಿಯಲ್ಲಿ ಜಾರುತ್ತಾ ಬಂದಿತ್ತು. ಹನ್ನೊಂದರಲ್ಲೂ. ಮೂರು ವರ್ಷದ ಹಿಂದೆಯೇ ಅಲ್ಲವೇ ಮೈದುನನನ್ನು ಮಗ್ಗದ ಶೆಡ್ಡಿಗೆ ಹಾಕಿದ್ದು?

ಭಾನುವಾರ ಮಧ್ಯಾಹ್ನ ಅವನು ಬಂದ. ಎಂದಿನಂತೆ ಎದುರಿಗೆ ಕೂತು, ನಗುತ್ತಾ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದ. ನಾನು ಮೆಷಿನ್ ಕಡೆ ತಿರುಗಿ, ಬೆನ್ನು ಹಾಕಿಯೇ ಕೇಳಿದೆ: "ಮಕ್ಕಳು ಹೇಗಿದಾರಪ್ಪ?"

ಉತ್ತರ ಬರಲಿಲ್ಲ. ಇನ್ನೂ ಜೋರಾಗಿ ಕೇಳಿದೆ. ತಿರುಗಿ ನೋಡಿದರೆ ಅವನು ತನ್ನ ಪಾಡಿಗೆ ಕಿಟಕಿಯಾಚೆ ನೋಡುತ್ತಿದ್ದ. ಇವರು ನನ್ನ ತುಟಿಯನ್ನು, ತಮ್ಮನ ಮುಖವನ್ನು ನೋಡಿದರು. ಎಲ್ಲ ತಿಳಿದುಹೋಯಿತು.

"ಯಾವಾಗಿಂದಲೋ?" ಎಂದರು ಅವನ ಮಂಡಿ ತಟ್ಟಿ.

ಮೈದುನ ತಲೆ ತಗ್ಗಿಸಿದ. "ಒಂದು ವರ್ಷ ಆಯ್ತಣ್ಣ. ನಿಂಗೆ ಹೇಳಿದ್ರೆ ನೊಂದ್ಕೋತೀಯಾ ಅಂತ..."

ನಾನು ಹಾಳೆಗಳನ್ನು ಅವನ ಮಡಿಲಿಗೆ ಹಾಕಿದೆ. ಅವನ ಗಲ್ಲ ಎತ್ತಿ, ನನ್ನ ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ: "ಕಿವಿ ಯಾರದ್ದೇ ಆಗ್ಲಿ, ಹನ್ನೊಂದು ಹೆಸರಲ್ಲಿ ಗೆರೆ ಜಾರ್ತಿರೋದನ್ನ ಕಂಪನಿಯವರು ಮೂರು ವರ್ಷ ನೋಡಿದಾರೆ. ನೋಡಿನೂ ಸುಮ್ನಿದ್ರು. ಇದು ನಿನ್ನ ಕಿವಿ ಅಂತ ಕೋರ್ಟಲ್ಲಿ ಹೇಳ್ತೀಯಾ? ಕೆಲಸ ಹೋಗಬಹುದು. ಸುಳ್ಳಾಡಿದ್ಯಾಕೆ ಅಂತಾನೂ ಕೇಳ್ತಾರೆ."

ಅವನು ಅಣ್ಣನ ಕಡೆ ನೋಡಿದ. ಇವರು ಬೇಡವೆಂದು ತಲೆಯಾಡಿಸಿದರು. ಅವನು ಹಾಳೆಗಳನ್ನು ಮೆಲ್ಲಗೆ ಸರಿಮಾಡಿ ನನ್ನ ಕೈಗಿತ್ತ.

"ಕೇಸು ಹಾಕಿ ಅತ್ತಿಗೆ" ಎಂದ. "ಚಿಕ್ಕೋಳು ಹಿಂದಿನಿಂದ ಅಪ್ಪಾ ಅಂತ ಕೂಗ್ತಾಳಂತೆ. ನಂಗೆ ಕೇಳಿಸ್ತಿಲ್ಲ."